ದರೋಜಿ ಈರಮ್ಮನ ಸೀಮೆಯ ತಾಯ್ತಂದೆಯರಿಗೆ

ಸಂಡೂರು ತಾಲ್ಲೂಕಿನ ದರೋಜಿಯಲ್ಲಿ ಈರಮ್ಮ ಇದ್ದರು. ಬುಡ್ಗ ಜಂಗಮರ ಅಲೆಮಾರಿ ಮನೆತನ. ಆ ಜನ ಮನೆಯೊಳಗೆ ಆಡುವುದು ತೆಲುಗು. ಈರಮ್ಮನವರಿಗೆ ಓದು ಬರಹ ಬರುತ್ತಿರಲಿಲ್ಲ. ಬುರ್ರಕಥೆಗೆ ನಿಂತರೆ ಮಾತ್ರ ಕುಮಾರರಾಮ, ಬಬ್ಬುಲಿ ನಾಗಿರೆಡ್ಡಿ ಮೊದಲಾದ ಹನ್ನೆರಡು ಮಹಾಕಾವ್ಯಗಳನ್ನು ಕನ್ನಡದಲ್ಲಿ ರಾತ್ರಿಗಟ್ಟಲೆ ಹಾಡುತ್ತಿದ್ದರು. ಬರೆದಿಟ್ಟರೆ ಏಳು ಸಾವಿರ ಪುಟವಾದೀತೆಂದು ಲೆಕ್ಕ ಹಾಕಿದವರಿದ್ದಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 2003ರಲ್ಲಿ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಹೊಳೆಯ ಆಚೆ, ಕೊಪ್ಪಳ ಜಿಲ್ಲೆಯ ಮೋರನಾಳದಲ್ಲಿ ಭೀಮವ್ವ ಶಿಳ್ಳೇಕ್ಯಾತರ ಅವರಿದ್ದಾರೆ, ತೊಗಲುಗೊಂಬೆ ಆಡಿಸುತ್ತಲೇ ಬಾಳು ಸವೆಸಿದವರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಶಿಳ್ಳೇಕ್ಯಾತರ ಮನೆಮಾತು ಮರಾಠಿಯ ಒಂದು ಬಗೆ. ಪರದೆಯ ಹಿಂದೆ ನಿಂತು ಅವರು ಹಾಡುವುದು ಕನ್ನಡ.

ನಮ್ಮ ಸೀಮೆ ಬಾಳಿಕೊಂಡು ಬಂದದ್ದು ಹೀಗೆ. ವಿರೂಪಾಕ್ಷನ ಗುಡಿಯ ರಂಗಮಂಟಪದ ಎದುರಿಗಿರುವ ಕೃಷ್ಣದೇವರಾಯನ 1510ರ ಶಾಸನ ಸಂಸ್ಕೃತದಲ್ಲೂ ಇದೆ, ಕನ್ನಡದಲ್ಲೂ ಇದೆ. ಅದೇ ರಾಯ ಕಾವ್ಯ ಬರೆದದ್ದು ತೆಲುಗಿನಲ್ಲಿ. ಹಂಪಿಯ ಗುಡಿಗಳಲ್ಲಿ ತಮಿಳು ಶಾಸನಗಳೂ ಇವೆ. ಸಂಡೂರನ್ನು ಆಳಿದ ಘೋರ್ಪಡೆಯವರು ಮರಾಠರು. ವಕೀಲಿಕೆ ಮಾಡಿಕೊಂಡಿದ್ದ ಬಳ್ಳಾರಿ ರಾಘವರು ತೆಲುಗು, ಕನ್ನಡ, ಇಂಗ್ಲಿಷ್ ಮೂರೂ ಭಾಷೆಯ ನಾಟಕಗಳಲ್ಲಿ ಬಣ್ಣ ಹಚ್ಚಿದರು. ಹೊಸಪೇಟೆಯ ಓಣಿಗಳಲ್ಲಿ ಇವತ್ತಿಗೂ ಒಂದು ಕಟ್ಟೆಯ ಮೇಲೆ ಕೂತವರು ಮೂರು ಭಾಷೆಯಲ್ಲಿ ಜಗಳಾಡಿ ನಾಲ್ಕನೆಯದರಲ್ಲಿ ರಾಜಿಯಾಗುತ್ತಾರೆ. ಸಂತೆಯ ಮಾತು ಕಲಿಯಲು ಮನೆಯ ಮಾತನ್ನು ಅಡವಿಡು ಎಂದು ಇಲ್ಲಿ ಯಾರೂ ಯಾರಿಗೂ ಹೇಳಿರಲಿಲ್ಲ.

ಈಗ ಹೇಳುತ್ತಿದ್ದಾರೆ. ಹೇಳುತ್ತಿರುವವರು ಪರದೇಶದವರಲ್ಲ, ನಾವೇ.

ಇಂಗ್ಲಿಷ್ ಜಗತ್ತಿನ ಮಾತಾಗಿದೆ ಎಂಬುದರಲ್ಲಿ ನನಗೆ ತಕರಾರಿಲ್ಲ. ವಿಮಾನ, ವಿಜ್ಞಾನ, ವ್ಯಾಪಾರ, ಕಂಪ್ಯೂಟರು ಎಲ್ಲವೂ ಅದರಲ್ಲಿ ನಡೆಯುತ್ತಿವೆ. ನಮ್ಮ ಮಕ್ಕಳಿಗೆ ಅದು ಬೇಕು, ಚೆನ್ನಾಗಿಯೇ ಬೇಕು. ಆದರೆ ಕಂಪ್ಲಿಯ ಸುತ್ತಲ ಹಳ್ಳಿಗಳಿಂದ ಬೆಳಿಗ್ಗೆ ಹೊರಡುವ ಹಳದಿ ವ್ಯಾನುಗಳಲ್ಲಿ ಕೂತ ನಾಲ್ಕು ವರ್ಷದ, ಐದು ವರ್ಷದ ಕೂಸುಗಳಿಗೆ ಸಿಗುತ್ತಿರುವುದು ಆ ಇಂಗ್ಲಿಷಲ್ಲ. ಅವರಿಗೆ ಸಿಗುತ್ತಿರುವುದು ಹಲಗೆಯ ಮೇಲಿನ ಉತ್ತರವನ್ನು ಪಟ್ಟಿಗೆ ಇಳಿಸಿಕೊಂಡು, ಉರು ಹೊಡೆದು, ಪರೀಕ್ಷೆಯಲ್ಲಿ ಕಕ್ಕುವ ವಿದ್ಯೆ. ಪಾಠ ಹೇಳುವ ಟೀಚರಮ್ಮನಿಗೂ ಆ ಭಾಷೆಯಲ್ಲಿ ಒಂದು ಕತೆಯನ್ನು ಮನಸ್ಸು ಬಿಚ್ಚಿ ಹೇಳಲು ಬರುವುದಿಲ್ಲ. ತಿಂಗಳಿಗೆ ಕೆಲವೇ ಸಾವಿರಕ್ಕೆ ದುಡಿಯುವ ಆ ಹೆಣ್ಣುಮಗಳ ತಪ್ಪೂ ಅದಲ್ಲ. ಆಟದ ಬಯಲಲ್ಲಿ ಕನ್ನಡ ಆಡಿದರೆ ದಂಡ ಹಾಕುವ ಶಾಲೆಗಳಿವೆ. ತೆಲುಗಿಗೂ ಉರ್ದುವಿಗೂ ಲಂಬಾಣಿಗೂ ಅಲ್ಲಿ ದಂಡವೇ. ಬಿದ್ದ ಮಗು ಅವ್ವಾ ಎಂದು ಕೂಗುವ ಮೊದಲು ಯಾವ ಭಾಷೆಯಲ್ಲಿ ಅಳಬೇಕೆಂದು ಯೋಚಿಸಬೇಕಾದ ಶಾಲೆಗೆ ನಾವು ಸಾಲ ಮಾಡಿ ಫೀಸು ಕಟ್ಟುತ್ತಿದ್ದೇವೆ.

ಇದು ಹೊಸ ರೋಗವೇನಲ್ಲ, ಅದಕ್ಕೊಂದು ಹಳೆಯ ದಾಖಲೆಯಿದೆ. ಥಾಮಸ್ ಮನ್ರೋ ಮದರಾಸಿನ ಗವರ್ನರ್ ಆಗಿದ್ದಾಗ ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಆಗಿನ ಬಳ್ಳಾರಿ ಜಿಲ್ಲೆ ಈಗಿನದಕ್ಕಿಂತ ಬಹಳ ದೊಡ್ಡದು. ಅವನ ಲೆಕ್ಕದಲ್ಲಿ ಒಟ್ಟು ಶಾಲೆ 533. ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಫಾರ್ಸಿಯವು 21, ತಮಿಳಿನವು 4, ಬ್ರಾಹ್ಮಣರಿಗಷ್ಟೇ ಮೀಸಲಾದ ಪಾಠಶಾಲೆ 23. ಇಂಗ್ಲಿಷಿನದು ಒಂದೇ ಒಂದು. ಆ ಕಾಲವನ್ನು ನಾನು ಹೊಗಳಲು ಹೊರಟಿಲ್ಲ: ಆ ಎಲ್ಲ ಶಾಲೆಗಳಲ್ಲಿ ಕಲಿಯುತ್ತಿದ್ದವರು 6,641 ಮಂದಿ, ಅವರಲ್ಲಿ ಹೆಣ್ಣುಮಕ್ಕಳು ಬರೀ 60. ದಲಿತರ ಕೇರಿಗೆ ಆ ಶಾಲೆಗಳ ಬಾಗಿಲು ತೆರೆದಿರಲಿಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಆ ಪತ್ರದಲ್ಲಿ ಕ್ಯಾಂಪ್‌ಬೆಲ್ ಎತ್ತಿದ ಒಂದು ದೂರನ್ನು ನೀವು ಕೇಳಬೇಕು. ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ಪದ್ಯಗಳ ಭಾಷೆಗೂ ಜನ ಆಡುವ ಮಾತಿಗೂ ಸಂಬಂಧವಿಲ್ಲ, ಹುಡುಗರು ಅರ್ಥ ತಿಳಿಯದೆ ಗಿಳಿಗಳಂತೆ ಒಪ್ಪಿಸುತ್ತಾರೆ ಎಂದು ಅವನು ಬರೆದ. ಇದನ್ನು ಬರೆದವನು ಇಂಗ್ಲಿಷರ ಕಂಪನಿಯ ಅಧಿಕಾರಿ, ತೆಲುಗಿಗೆ ವ್ಯಾಕರಣ ಬರೆದವನು. ಎರಡು ನೂರು ವರ್ಷಗಳಾದ ಮೇಲೆ ಅದೇ ಜಿಲ್ಲೆಯಲ್ಲಿ, ಅದೇ ತಪ್ಪನ್ನು, ಅವನ ಭಾಷೆಯ ಹೆಸರಿನಲ್ಲಿ ನಾವು ಮಾಡುತ್ತಿದ್ದೇವೆ. ಆಗ ಹುಡುಗರಿಗೆ ತಿಳಿಯದಿದ್ದದ್ದು ಹಳೆಯ ಪದ್ಯ. ಈಗ ತಿಳಿಯದಿರುವುದು ಲೆಕ್ಕ, ಪರಿಸರ, ಸಮಾಜ, ಎಲ್ಲವೂ.

ಹಂಪಿಗೆ ಬನ್ನಿ. ಅಲ್ಲಿ ಆಟೋ ಓಡಿಸುವವರನ್ನು, ಹರಿಗೋಲು ಹಾಕುವವರನ್ನು, ಗುಡಿ ತೋರಿಸುವ ಗೈಡುಗಳನ್ನು ಮಾತಾಡಿಸಿ. ಹೆಚ್ಚಿನವರು ಊರ ಸರ್ಕಾರಿ ಶಾಲೆಯಲ್ಲಿ ಕನ್ನಡದಲ್ಲಿ ಓದಿದವರು, ಕೆಲವರು ಅದನ್ನೂ ಅರ್ಧಕ್ಕೆ ಬಿಟ್ಟವರು. ಇಂಗ್ಲಿಷಿನಲ್ಲಿ ಅರಳು ಹುರಿದಂತೆ ಮಾತಾಡುತ್ತಾರೆ. ಫ್ರೆಂಚ್, ಜರ್ಮನ್ ತಿಳಿದವರೂ ಸಿಗುತ್ತಾರೆ. ಹೊಳೆಯಾಚೆಯ ವಿರೂಪಾಪುರ ಗಡ್ಡೆಯಲ್ಲಿ ಇಸ್ರೇಲಿನ ಪ್ರವಾಸಿಗರು ತುಂಬಿರುತ್ತಿದ್ದ ದಿನಗಳಲ್ಲಿ ಹೋಟೆಲುಗಳ ಮುಂದೆ ಹೀಬ್ರೂ ಬೋರ್ಡುಗಳಿದ್ದವು, ಆ ಮಾತನ್ನು ಕಲಿತ ನಮ್ಮ ಹುಡುಗರೂ ಇದ್ದರು. ಇವರಲ್ಲಿ ಯಾರೂ ಪರಭಾಷೆ ಕಲಿಯಲು ಮನೆಮಾತನ್ನು ಬಿಟ್ಟುಕೊಟ್ಟವರಲ್ಲ. ಭಾಷೆ ಬರುವುದು ಆಡುವವರ ನಡುವೆ ಇದ್ದಾಗ, ಬೇಕೆನಿಸಿದಾಗ, ತಪ್ಪು ಮಾತಾಡಿದರೆ ಯಾರೂ ನಗದಿದ್ದಾಗ. ಇಂಗ್ಲಿಷನ್ನು ಒಂದು ವಿಷಯವಾಗಿ, ಅದು ನಿಜವಾಗಿ ಬರುವ ಮೇಷ್ಟ್ರಿಂದ, ಮಾತಾಡಿಸುತ್ತ ಕಲಿಸಿದರೆ ಮಗುವಿಗೆ ಇಂಗ್ಲಿಷ್ ಬರುತ್ತದೆ. ಇಂಗ್ಲಿಷಿನಲ್ಲಿ ಲೆಕ್ಕವನ್ನು ಉರು ಹೊಡೆಸಿದರೆ ಲೆಕ್ಕವೂ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ.

ಅಪ್ಪಂದಿರೇ, ಅವ್ವಂದಿರೇ, ನಿಮ್ಮನ್ನು ಬೈಯಲು ನಾನು ಬರೆಯುತ್ತಿಲ್ಲ. ನೀವು ಯಾಕೆ ಹಾಗೆ ಮಾಡುತ್ತೀರೆಂದು ಬಲ್ಲೆ. ಗಣಿಯಲ್ಲಿ ಧೂಳು ಕುಡಿದವರು, ಕಬ್ಬು ಕಡಿಯಲು ಊರೂರು ಅಲೆದವರು, ಗದ್ದೆಯಲ್ಲಿ ನಾಟಿ ಮಾಡಿ ಸೊಂಟ ಕಳೆದುಕೊಂಡವರು ನೀವು. "ನಮ್ದು ಹಿಂಗಾತು, ಹುಡುಗನಾದ್ರೂ ಇಂಗ್ಲೀಷ್ ಕಲೀಲಿ ಬಿಡ್ರಿ" ಎನ್ನುತ್ತೀರಿ. ತೋರಣಗಲ್ಲಿನ ಕಡೆಗೆ ಹೋದರೆ ಕೆಲಸದ ಅರ್ಜಿ ಇಂಗ್ಲಿಷಿನಲ್ಲಿ. ಎಂಜಿನಿಯರಿಂಗು, ಡಾಕ್ಟರಿಕೆ ಇಂಗ್ಲಿಷಿನಲ್ಲಿ. ಹೈಕೋರ್ಟಿನಲ್ಲಿ ನಿಮ್ಮ ಹೊಲದ ತೀರ್ಪು ಇಂಗ್ಲಿಷಿನಲ್ಲಿ. ಕನ್ನಡವೇ ಉಸಿರು ಎಂದು ವೇದಿಕೆಯಲ್ಲಿ ಭಾಷಣ ಮಾಡಿದವರ ಮೊಮ್ಮಕ್ಕಳು ಯಾವ ಶಾಲೆಯಲ್ಲಿದ್ದಾರೆಂದು ನಿಮಗೆ ಗೊತ್ತು. ತಲೆತಲಾಂತರದಿಂದ ಅಕ್ಷರದಿಂದ ಹೊರಗಿಟ್ಟ ಕೇರಿಯವರಿಗೆ ಈಗ ಬಂದು, ಉಳ್ಳವರ ಭಾಷೆ ನಿಮಗೇಕೆ, ನೀವು ಸಂಸ್ಕೃತಿ ಕಾಯಿರಿ ಎಂದರೆ ಅದು ಅನ್ಯಾಯದ ಮಾತು. ಆ ಮಾತನ್ನು ನಾನು ಆಡಲಾರೆ. ಇಂಗ್ಲಿಷನ್ನು ಹಕ್ಕಿನಿಂದ ಕೇಳಿ. ಒಳ್ಳೆಯ ಇಂಗ್ಲಿಷ್ ಮೇಷ್ಟ್ರು ಬೇಕೆಂದು ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ಎದ್ದು ನಿಂತು ಕೇಳಿ. ನಾನು ಬೇಡುವುದು ಇಷ್ಟು: ಅದನ್ನು ಪಡೆಯಲು ಮಗುವಿನ ಬಾಯಲ್ಲಿರುವ ಮಾತನ್ನು ಕೊಟ್ಟುಬಿಡಬೇಡಿ. ಉಳ್ಳವರು ತಮ್ಮ ಮಕ್ಕಳಿಗೆ ಮನೆಯಲ್ಲಿ ಪುಸ್ತಕವನ್ನೂ ಟ್ಯೂಷನ್ನನ್ನೂ ಕೊಟ್ಟು ತರಗತಿಯ ಕೊರತೆ ತುಂಬಿಕೊಳ್ಳುತ್ತಾರೆ. ನಿಮ್ಮ ಮಗುವಿಗೆ ಮನೆಯಲ್ಲಿರುವ ಆಸ್ತಿ ನಿಮ್ಮ ಮಾತೊಂದೇ. ಪಾಠ ಆ ಮಾತಿನಲ್ಲಿದ್ದರೆ ನೀವು ಮಗುವಿನ ಪಕ್ಕ ಕೂತು ಕೇಳಬಲ್ಲಿರಿ, ತಿದ್ದಬಲ್ಲಿರಿ, ಪ್ರಶ್ನೆ ಹಾಕಬಲ್ಲಿರಿ. ಪಾಠ ಇಂಗ್ಲಿಷಿನದಾದ ದಿನ ನೀವು ನಿಮ್ಮ ಮಗುವಿನ ಓದಿನಿಂದ ಹೊರಗೆ ಬಿದ್ದಿರಿ.

ಇದನ್ನು ಕಾನೂನು ಮಾಡಿಕೊಡಲಿ ಎಂದು ಕಾಯುವ ಕಾಲ ಮುಗಿಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350-ಎ ವಿಧಿ 1956ರಿಂದ ಹೇಳುತ್ತಿದೆ. 1981ರಲ್ಲಿ, ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂಬ ಗೋಕಾಕ್ ವರದಿ ಬಂತು, ಅದರ ಜಾರಿಗಾಗಿ 1982ರಲ್ಲಿ ನಾಡೇ ಬೀದಿಗಿಳಿಯಿತು. 1994ರಲ್ಲಿ ಕರ್ನಾಟಕ ಸರ್ಕಾರ ಒಂದರಿಂದ ನಾಲ್ಕನೆಯ ತರಗತಿವರೆಗೆ ತಾಯ್ನುಡಿ ಇಲ್ಲವೇ ಕನ್ನಡವೇ ಮಾಧ್ಯಮ ಎಂದು ಆಜ್ಞೆ ಮಾಡಿತು. ಇಪ್ಪತ್ತು ವರ್ಷ ವ್ಯಾಜ್ಯ ನಡೆದು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರ ಪೀಠ ತೀರ್ಪು ಕೊಟ್ಟಿತು: ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಆಯ್ಕೆ ತಂದೆತಾಯಿಗಳದು. ಆಮೇಲೆ 2019ರಲ್ಲಿ ಸರ್ಕಾರವೇ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಿತು. ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ ಚಂದ್ರಶೇಖರ ಕಂಬಾರರು ಆ ವರ್ಷದ ಜನವರಿಯಲ್ಲಿ ಧಾರವಾಡದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಇದನ್ನು ವಿರೋಧಿಸಿದರು. ಸರ್ಕಾರ ಹಿಂದೆ ಸರಿಯಲಿಲ್ಲ. ಹೀಗೆ ಕೋರ್ಟೂ ಸರ್ಕಾರವೂ ಕೈಬಿಟ್ಟ ಮೇಲೆ ಈ ವಿಷಯ ಬಂದು ನಿಂತಿರುವುದು ನಿಮ್ಮ ಮನೆಯ ಪಡಸಾಲೆಯಲ್ಲಿ. ನಿರ್ಧಾರ ನಿಮ್ಮದು ಎಂದು ದೇಶದ ದೊಡ್ಡ ನ್ಯಾಯಾಲಯವೇ ಹೇಳಿದೆ. ಆ ಅಧಿಕಾರವನ್ನು ಪಕ್ಕದ ಮನೆಯವರ ವ್ಯಾನು ನೋಡಿ ಚಲಾಯಿಸಬೇಡಿ, ನಿಮ್ಮ ಮಗುವಿನ ಮುಖ ನೋಡಿ ಚಲಾಯಿಸಿ.

ಇನ್ನೊಂದು ಮಾತು ಇದೆ. ಅದು ಕನ್ನಡಿಗರಾದ ನಮಗೇ ಚುಚ್ಚುವ ಮಾತು. ನಾನು ಈ ಕರೆ ಬರೆಯಲು ಕೂತದ್ದು ಮುಖ್ಯವಾಗಿ ಅದಕ್ಕೇ.

2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಸಂಸ್ಕೃತಿ ಕಾರ್ಯಪಡೆಯ ಸಭೆ ನಡೆಯಿತು. ಆಗ ಸಂಡೂರಿನ ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಹೊಲಿದ 1,755 ಕಸೂತಿಗಳನ್ನು ಒಂದೆಡೆ ಹರವಿ ಗಿನ್ನೆಸ್ ದಾಖಲೆ ಮಾಡಿದರು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಲೋಕದ ಮಂದಿ ಬಂದು ಕಣ್ಣರಳಿಸಿ ನೋಡಿದರು, ನಾವೂ ಹೆಮ್ಮೆಪಟ್ಟೆವು. ಕಿಲನ್, ವೇಲೆ, ಬಕ್ಯಾ, ಮಾಕಿ, ರೇಲೋ, ನಕ್ರಾ ಎಂದು ಆ ಹೊಲಿಗೆಗಳಿಗೆ ಹೆಸರುಗಳಿವೆ. ಅಜ್ಜಿ ಮೊಮ್ಮಗಳಿಗೆ ಸೂಜಿ ಹಿಡಿಸುವಾಗ ಹೇಳಿಕೊಡುವ ಹೆಸರುಗಳು. ಲಂಬಾಣಿ ತಾಂಡಾದ ಆ ಮೊಮ್ಮಗಳು ಒಂದನೆಯ ತರಗತಿಗೆ ಬಂದ ದಿನ ಅವಳ ಭಾಷೆಗೆ ನಮ್ಮ ಕನ್ನಡ ಶಾಲೆಯಲ್ಲಿ ಎಷ್ಟು ಜಾಗವಿತ್ತು? ಅವಳಿಗೆ ಕನ್ನಡವೇ ಪರಭಾಷೆ. ಮೇಷ್ಟ್ರು ಹೇಳಿದ್ದು ತಿಳಿಯದೆ ಸುಮ್ಮನೆ ಕೂತ ಮಗುವನ್ನು ದಡ್ಡಿ ಎಂದು ಹಿಂದಿನ ಸಾಲಿಗೆ ತಳ್ಳಿದ್ದು ಇಂಗ್ಲಿಷಲ್ಲ.

2011ರ ಜನಗಣತಿಯಲ್ಲಿ ಲಂಬಾಣಿಯನ್ನು ತಾಯ್ನುಡಿ ಎಂದು ಬರೆಸಿದವರು ದೇಶದಲ್ಲಿ 32 ಲಕ್ಷ 76 ಸಾವಿರ ಮಂದಿ. ಇಂಗ್ಲಿಷನ್ನು ತಾಯ್ನುಡಿ ಎಂದವರು 2 ಲಕ್ಷ 59 ಸಾವಿರ. ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಲಂಬಾಣಿಗೆ ಜಾಗವಿಲ್ಲ. ಗಣತಿಯ ಪಟ್ಟಿಯಲ್ಲಿ ಆ 32 ಲಕ್ಷ ಜನರನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಿದ್ದಾರೆ. ದೊಡ್ಡ ಭಾಷೆ ಸಣ್ಣ ಭಾಷೆಯನ್ನು ನುಂಗುವುದು ಅಂದರೆ ಇದೇ. ಇಂಗ್ಲಿಷಿನ ಎದುರು ನಿಂತು ಬಹುತ್ವ, ವೈವಿಧ್ಯ ಎಂದು ನ್ಯಾಯ ಕೇಳುವ ನಾವು ತಾಂಡಾದ ಮಗುವಿಗೆ, ಉರ್ದು ಮನೆಯ ಮಗುವಿಗೆ, ಬುಡ್ಗ ಜಂಗಮರ ಮಗುವಿಗೆ ಅದೇ ನ್ಯಾಯ ಕೊಡದಿದ್ದರೆ ನಮ್ಮ ದನಿಗೆ ಬಲವೆಲ್ಲಿಂದ ಬರಬೇಕು? ಈರಮ್ಮ ಕನ್ನಡಕ್ಕೆ ಹನ್ನೆರಡು ಮಹಾಕಾವ್ಯ ಕೊಟ್ಟರು. ಅವರ ಮನೆಮಾತಿಗೆ ಕನ್ನಡ ಏನು ಕೊಟ್ಟಿತು?

ಇದು ಆಗದ ಕೆಲಸವಲ್ಲ. ಒಡಿಶಾದಲ್ಲಿ 2007ರ ಹೊತ್ತಿಗೆ ಹತ್ತು ಆದಿವಾಸಿ ಭಾಷೆಗಳಲ್ಲಿ ಮೊದಲ ತರಗತಿಗಳ ಪಾಠ ಶುರುಮಾಡಿ, ಆಮೇಲೆ 21 ಭಾಷೆಗಳಿಗೆ ಹಿಗ್ಗಿಸಿದರು. ಮಗು ತನ್ನ ಮಾತಿನಲ್ಲಿ ಅಕ್ಷರ ಹಿಡಿದು, ಅಲ್ಲಿಂದ ಒಡಿಯಾಕ್ಕೆ, ಇಂಗ್ಲಿಷಿಗೆ ಹೋಗುತ್ತದೆ. ಇಂಗ್ಲಿಷೇ ಆಳುವ ನ್ಯೂಜಿಲೆಂಡಿನಲ್ಲಿ ಮಾವೊರಿ ಅಜ್ಜಿಯರು 1982ರಿಂದ ಕೂಸುಗಳನ್ನು ಕೂಡಿಸಿಕೊಂಡು ತಮ್ಮ ಮಾತಿನಲ್ಲೇ ಆಡಿಸುವ ಶಿಶುವಿಹಾರ ನಡೆಸಿ, ಸಾಯುತ್ತಿದ್ದ ಭಾಷೆಗೆ ಜೀವ ತುಂಬಿದರು. ಅವರ ಮಕ್ಕಳಿಗೆ ಇಂಗ್ಲಿಷ್ ತಪ್ಪಲಿಲ್ಲ. ನಮ್ಮ ನಲಿ-ಕಲಿ ತರಗತಿಯಲ್ಲಿ ತಾಂಡಾದ ಒಬ್ಬ ಹೆಣ್ಣುಮಗಳನ್ನು ಕೂಡಿಸಿ ಅವಳ ಭಾಷೆಯ ಹಾಡಿನಿಂದ, ಹೊಲಿಗೆಯ ಹೆಸರುಗಳಿಂದ ಪಾಠ ಶುರುಮಾಡಲು ಯಾವ ವಿಶ್ವಬ್ಯಾಂಕಿನ ಸಾಲವೂ ಬೇಡ. ಲಂಬಾಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುವವರು ಈಗಾಗಲೇ ಇದ್ದಾರೆ.

ಕನ್ನಡ ವಿಶ್ವವಿದ್ಯಾಲಯದ ಗುರುಗಳೇ, ಸಂಶೋಧಕರೇ. 1991ರಲ್ಲಿ ನಿಮ್ಮ ಸಂಸ್ಥೆಯನ್ನು ಹಂಪಿಯ ಬಂಡೆಗಳ ನಡುವೆ ಕಟ್ಟಿದ್ದು ಈ ನೆಲದ ಅರಿವನ್ನು ಈ ನೆಲದ ಮಾತಿನಲ್ಲೇ ಬೆಳೆಸಲು. ಅನುದಾನವಿಲ್ಲದೆ ನೀವು ಪಡುತ್ತಿರುವ ಪಾಡು ಮತ್ತೆ ಮತ್ತೆ ಪತ್ರಿಕೆಗಳಲ್ಲಿ ಬರುತ್ತದೆ. ನಾಡಹಬ್ಬಗಳಿಗೆ ಕೋಟಿ ಸುರಿಯುವ ಸರ್ಕಾರಕ್ಕೆ ಇದು ನಾಚಿಕೆಗೇಡು, ಅದನ್ನು ಈ ಜಿಲ್ಲೆಯ ಪ್ರತಿ ಶಾಸಕರ ಮುಖದೆದುರು ಹೇಳಬೇಕು. ಆದರೂ ನಿಮ್ಮಲ್ಲಿರುವ ಜನಪದ ಮಹಾಕಾವ್ಯಗಳು ನುಡಿಹಬ್ಬದ ಪುಸ್ತಕ ಮಳಿಗೆಯನ್ನು ದಾಟಿ ದರೋಜಿಯ, ಕಂಪ್ಲಿಯ ಶಾಲೆಗಳಿಗೆ ಬರಬೇಡವೇ? 1327ರಲ್ಲಿ ದೆಹಲಿಯ ಸೇನೆಯೆದುರು ಅಳಿದುಹೋದ ಕಂಪಿಲಿ ರಾಜ್ಯದ ಕುಮಾರರಾಮ ಏಳು ನೂರು ವರ್ಷ ಬದುಕಿರುವುದು ಹಾಡುವವರ ಗಂಟಲಲ್ಲಿ. ಕಂಪ್ಲಿ ಕೋಟೆಯ ಪಕ್ಕದ ಮಗು ಆ ಕತೆಯನ್ನು ಒಮ್ಮೆಯೂ ಕೇಳದೆ ಹತ್ತನೆಯ ತರಗತಿ ಮುಗಿಸುವುದು ಬೇಡ.

ಖಾಸಗಿ ಶಾಲೆ ನಡೆಸುವವರೇ, ಮಾತಿಗೆ ಹಾಕುವ ದಂಡವನ್ನು ಇವತ್ತೇ ನಿಲ್ಲಿಸಿ. ಇಂಗ್ಲಿಷ್ ಕಲಿಸಿ, ಬೇಡವೆನ್ನುವವರಿಲ್ಲ. ಮಗು ತನ್ನ ಮಾತಿನಲ್ಲಿ ಕೇಳಿದ ಪ್ರಶ್ನೆಗೆ ಅದೇ ಮಾತಿನಲ್ಲಿ ಉತ್ತರ ಕೊಡುವ ಸ್ವಾತಂತ್ರ್ಯವನ್ನು ನಿಮ್ಮ ಟೀಚರುಗಳಿಗೆ ಕೊಡಿ. ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಮರಿಯಮ್ಮನಹಳ್ಳಿ ಹೊಸಪೇಟೆಗೆ ಬಸ್ಸು ಹತ್ತಿ ಇಳಿಯುವಷ್ಟು ದೂರ. ನಿಮ್ಮ ವಾರ್ಷಿಕೋತ್ಸವದಲ್ಲಿ ಸಿನಿಮಾ ಹಾಡಿಗೆ ಕುಣಿಸುವ ಮಕ್ಕಳ ಎದುರಿಗೆ ಒಮ್ಮೆ ಜೋಗತಿಯರನ್ನು, ಬುರ್ರಕಥೆಯವರನ್ನು ಕರೆಸಿ ಹಾಡಿಸಿ. ಸರ್ಕಾರಿ ಶಾಲೆಯ ಮೇಷ್ಟ್ರುಗಳೇ, ನಿಮ್ಮ ಶಾಲೆಗೆ ನಿಮ್ಮ ಮಕ್ಕಳನ್ನೇ ಸೇರಿಸಿ. ಊರವರು ಆಮೇಲೆ ತಾವಾಗಿ ಬರುತ್ತಾರೆ.

ಬಳ್ಳಾರಿ ಸೀಮೆ ಕನ್ನಡ ನಾಡಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದಕ್ಕಾಗಿ ಪಿಂಜಾರ ರಂಜಾನ್ ಸಾಬ್ ಪ್ರಾಣ ಕೊಟ್ಟರು. ಅವರ ಹೆಸರು ಹೇಳಿ ಪ್ರತಿ ನವೆಂಬರ್‌ನಲ್ಲಿ ಹೂಮಾಲೆ ಹಾಕುವವರೇ, ಆ ಹೂಮಾಲೆಯ ಜೊತೆಗೆ ಒಂದು ಕನ್ನಡ ಶಾಲೆಯ ಜವಾಬ್ದಾರಿಯನ್ನೂ ಹೊರಿ: ಅದರ ಸೋರುವ ಮಾಡು, ಖಾಲಿ ಇರುವ ಮೇಷ್ಟ್ರ ಹುದ್ದೆ, ಬೀಗ ಬಿದ್ದ ಪುಸ್ತಕದ ಕಪಾಟು. ಬೋರ್ಡಿಗೆ ಮಸಿ ಬಳಿಯುವುದಕ್ಕಿಂತ ಇದು ಕಷ್ಟದ ಕೆಲಸ, ವರ್ಷವಿಡೀ ಮಾಡಬೇಕಾದ ಕೆಲಸ.

ಕೊನೆಗೆ, ಎಲ್ಲರೂ ಮಾಡಬಹುದಾದ ಒಂದು ಕೆಲಸ ಹತ್ತಿರದಲ್ಲೇ ಇದೆ. 2027ರ ಜನಗಣತಿಗೆ ಎಣಿಕೆಯವರು ಮನೆಮನೆಗೆ ಬರುತ್ತಾರೆ. ಹಿಂದಿನ ಗಣತಿಯ ನಮೂನೆಯಲ್ಲಿ ತಾಯ್ನುಡಿಗೆ ಒಂದು ಅಂಕಣ, ಬಲ್ಲ ಇತರ ಭಾಷೆಗಳಿಗೆ ಎರಡು ಜಾಗ ಇದ್ದವು. ಸಂಡೂರಿನ ತಾಂಡಾದ ಅಕ್ಕಂದಿರೇ, ನಿಮ್ಮ ತಾಯ್ನುಡಿ ಲಂಬಾಣಿ ಎಂದೇ ಬರೆಸಿ. ಬರೆದದ್ದನ್ನು ಓದಿಸಿ ಕೇಳಿ. ಅದನ್ನು ಹಿಂದಿಯ ಲೆಕ್ಕಕ್ಕೆ ಸೇರಿಸಬಾರದೆಂದು ನಿಮ್ಮ ಪಂಚಾಯಿತಿಯಲ್ಲಿ ಠರಾವು ಮಾಡಿಸಿ ಕಳಿಸಿ, ಆ ಠರಾವಿಗೆ ಕನ್ನಡಿಗರಾದ ನಾವೂ ಕೈ ಎತ್ತುತ್ತೇವೆ. ಹೊಸಪೇಟೆಯ ಉರ್ದು ಮನೆಯವರೇ, ಕಂಪ್ಲಿಯ ತೆಲುಗು ಮನೆಯವರೇ, ನಿಮ್ಮ ಮಾತನ್ನು ನಾಚದೆ ಹೇಳಿ, ಕನ್ನಡವನ್ನು ಅದರ ಪಕ್ಕದಲ್ಲಿ ಬರೆಸಿ. ಇಂಗ್ಲಿಷ್ ಬಲ್ಲವರು ಅದನ್ನೂ ಬರೆಸಿ. ಹಿಂದಿನ ನಮೂನೆಯೇ ಇದ್ದರೆ ಮೂರಕ್ಕೂ ಅಲ್ಲಿ ಜಾಗವಿದೆ. ಮರುದಿನ ಬೆಳಿಗ್ಗೆ ಮಗುವನ್ನು ಶಾಲೆಗೆ ಬಿಡುವಾಗ, ಆ ಮೂರಕ್ಕೂ ಇಲ್ಲಿ ಜಾಗವಿದೆಯೇ ಎಂದು ಹೆಡ್‌ಮಾಸ್ತರರನ್ನು ಕೇಳಿ.